ಬಾಡಿಗೆಯ ಮನೆಯೂ ಷೇರು ಪತ್ರವೂ

ನಂಜನಗೂಡಿನಲ್ಲಿ ಮನೆಯೊಂದನ್ನು ಕೊಂಡು ಬಾಡಿಗೆಗೆ ಬಿಡುವುದು ಲೇಸೋ, ಅದೇ ಹಣವನ್ನು ಷೇರುಗಳಲ್ಲಿ ತೊಡಗಿಸುವುದು ಲೇಸೋ ಎಂಬ ಪ್ರಶ್ನೆಯು, ನಿವೃತ್ತರಾಗಿ ಇಡಿಗಂಟನ್ನು ಕೈಗೆ ಪಡೆದ ಗೃಹಸ್ಥರಲ್ಲಿ ಏಳುವುದುಂಟು. ಕಳೆದುಕೊಂಡರೆ ಮರಳಿ ಕೂಡಿಸಲಾಗದ ಹಣವಾದುದರಿಂದ ಲೆಕ್ಕವನ್ನು ಮೊದಲೇ ಹಾಕಿ ನೋಡುವುದು ಯುಕ್ತ.

40 ಲಕ್ಷ ರೂಪಾಯಿಯ ಮನೆಗೆ ತಿಂಗಳಿಗೆ 10,000 ಬಾಡಿಗೆ ಬರುವುದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 1,20,000, ಎಂದರೆ ನೂರಕ್ಕೆ 3. ಒಂದು ತಿಂಗಳು ಮನೆ ಬರಿದಾಗಿ ನಿಂತು, ಸುಣ್ಣಬಣ್ಣ, ರಿಪೇರಿ, ನಗರಸಭೆಯ ಕಂದಾಯಗಳಿಗೆ 20,000 ಸಂದರೆ, ಉಳಿಯುವುದು 90,000. ನೂರಕ್ಕೆ ಎರಡೂಕಾಲು ಮಾತ್ರ. ಬ್ಯಾಂಕಿನ ಠೇವಣಿಯೂ ಇದಕ್ಕಿಂತ ಹೆಚ್ಚು ಕೊಡುವುದು. ಹಾಗಾದರೆ ಮನೆಯನ್ನು ಕೊಳ್ಳುವವರು ನಿಜವಾಗಿ ನಂಬುವುದು ಬಾಡಿಗೆಯನ್ನಲ್ಲ, ನೆಲದ ಬೆಲೆಯ ಏರಿಕೆಯನ್ನು. ನಂಜನಗೂಡಿನಲ್ಲಿ ಈ ನಂಬಿಕೆಗೆ ಆಧಾರವುಂಟು: 1989ರಲ್ಲಿ ನೆಸ್ಲೆ ಕಾರ್ಖಾನೆಯು ಬಂದಿತು, ಕೈಗಾರಿಕಾ ಪ್ರದೇಶವು ಬೆಳೆಯಿತು, ದುಡಿಯುವವರಿಗೆ ಮನೆಗಳು ಬೇಕಾದುವು. ತಿ. ನರಸೀಪುರದ ಸಂಗತಿ ಬೇರೆ. ಕಾವೇರಿ ಕಪಿಲೆಗಳ ಸಂಗಮದಲ್ಲಿ 1989ರಿಂದ ಕುಂಭಮೇಳವು ನಡೆದುಬಂದಿದೆ. ಆದರೆ ಮಿಂದು ಹೋಗುವ ಯಾತ್ರಿಕನು ಬಾಡಿಗೆದಾರನಲ್ಲವಷ್ಟೆ!

ಇನ್ನು ಷೇರು. 1978-79ರಲ್ಲಿ 100 ಎಂದು ಗಣಿಸಲ್ಪಟ್ಟ ಮುಂಬಯಿಯ ಸೂಚ್ಯಂಕವು 1990ರಲ್ಲಿ 1,000ವನ್ನೂ, 2024ರ ಸೆಪ್ಟೆಂಬರಿನಲ್ಲಿ 85,000ವನ್ನೂ ದಾಟಿತು. ವರ್ಷಕ್ಕೆ ನೂರಕ್ಕೆ ಸುಮಾರು 16ರಂತೆ ಬೆಳೆದಂತಾಯಿತು. ಲಾಭಾಂಶವು ಇದರ ಮೇಲೆ. ಕೇಳಲು ಇಂಪಾದ ಲೆಕ್ಕವೇ. ಆದರೆ 2008ರ ಜನವರಿಯಲ್ಲಿ 21,000ವನ್ನು ಮುಟ್ಟಿದಾಗ ಹಣವಿಟ್ಟವರು, 2009ರ ಮಾರ್ಚಿನಲ್ಲಿ ಅದು 8,000ದ ಸಮೀಪಕ್ಕೆ ಕುಸಿದುದನ್ನು ಕಂಡರು. ಅಸಲು ಮರಳಿ ಕಾಣಲು 2010ರ ನವೆಂಬರಿನವರೆಗೆ ಕಾಯಬೇಕಾಯಿತು. 2020ರ ಮಾರ್ಚ್ 23ರಂದು ಒಂದೇ ದಿನದಲ್ಲಿ ನೂರಕ್ಕೆ 13 ಇಳಿಯಿತು. ಮನೆಯ ಬೆಲೆಯೂ ಇಳಿಯುವುದುಂಟು. ಅದನ್ನು ಪ್ರತಿದಿನ ಯಾರೂ ಅಚ್ಚುಹಾಕುವುದಿಲ್ಲವಾದ ಕಾರಣ ಯಜಮಾನನು ಸುಖವಾಗಿ ನಿದ್ರಿಸುತ್ತಾನೆ.

ಆದರೂ ಮನೆಗೆ ಒಂದು ದೋಷವುಂಟು. ಮನೆಯಾಕೆಯ ಶಸ್ತ್ರಚಿಕಿತ್ಸೆಗೆ 3 ಲಕ್ಷ ಬೇಕಾದರೆ ನಡುಮನೆಯನ್ನಷ್ಟೇ ಮಾರಲಾಗದು. ಷೇರುಗಳನ್ನು ಬೇಕಾದಷ್ಟೇ ಮಾರಬಹುದು, ಪೇಟೆ ಕುಸಿದಿರುವಾಗಲೂ ಮಾರಬೇಕಾದೀತೆಂಬುದು ಅದರ ಪೀಡೆ. ಆದುದರಿಂದ ಹಿರಿಯರಿಂದ ಬಂದ ಮನೆಯ ಬಾಡಿಗೆಯಿಂದಲೇ ಜೀವಿಸುವವರು ಅದನ್ನು ಮಾರಿ ಷೇರಿಗೆ ಹೋಗುವುದನ್ನು ನಾವು ಒಪ್ಪೆವು. ನಿವೃತ್ತಿಯ ಗಂಟನ್ನೆಲ್ಲ ಎರಡನೆಯ ಮನೆಗೆ ಸುರಿಯುವುದನ್ನೂ ಒಪ್ಪೆವು. ಎರಡು ಮೂರು ವರ್ಷದ ಖರ್ಚು ಠೇವಣಿಯಲ್ಲಿರಲಿ. ಹತ್ತು ವರ್ಷ ಮುಟ್ಟದ ಭಾಗವು ಮಾತ್ರ ಷೇರಿಗೆ ಸಲ್ಲಲಿ.

ಅಷ್ಟಾಗಿಯೂ ಮನೆಯನ್ನೇ ಕೊಳ್ಳುವೆವೆಂಬವರು, ಅದು ಕಪಿಲೆಯ ದಡಕ್ಕೆ ಸಮೀಪವಾಗಿದ್ದಲ್ಲಿ, 2019ರ ಆಗಸ್ಟಿನ ಪ್ರವಾಹವು ಯಾವ ಮೆಟ್ಟಿಲವರೆಗೆ ಏರಿತ್ತೆಂದು ನೆರೆಯವರನ್ನು ಕೇಳಿದ ಬಳಿಕವೇ ಮುಂಗಡವನ್ನು ಕೊಡತಕ್ಕದ್ದು.