ಒಂದೇ ಫಾರಂ ಎಲ್ಲ ಊರಿಗೂ ಸಲ್ಲುವುದಿಲ್ಲ

ಇಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಈಗ ‘ಸೋಶಿಯಲ್ ಕನೆಕ್ಟ್ ಆ್ಯಂಡ್ ರೆಸ್ಪಾನ್ಸಿಬಿಲಿಟಿ’ ಎಂಬ ವಿಷಯವಿದೆ. ಒಂದು ಕ್ರೆಡಿಟ್. ಗಿಡ ನೆಡುವುದು, ಪಾರಂಪರಿಕ ತಾಣ ನೋಡುವುದು, ಸಾವಯವ ಕೃಷಿ, ಜಲ ಸಂರಕ್ಷಣೆ, ಸ್ಥಳೀಯ ಆಹಾರ. ಬೀದರಿನವರಿಗೂ ಮಂಗಳೂರಿನವರಿಗೂ ಇದೇ ಪಟ್ಟಿ. ಫೋಟೋ ತೆಗೆದು, ರಿಪೋರ್ಟಿಗೆ ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಮುಗಿಯಿತು. ವಿಷಯ ಇರುವುದು ಒಳ್ಳೆಯದೇ. ಆದರೆ ಸಮಾಜಕಾರ್ಯ ಎಲ್ಲ ಕಡೆಯೂ ಒಂದೇ ತರಹದ ಕೆಲಸ ಎಂಬ ಭಾವನೆ ಅದರಿಂದ ಬೆಳೆಯುತ್ತಿದೆ. ನಮ್ಮ ಊರಿನ ಚರಿತ್ರೆ ಅದನ್ನು ಒಪ್ಪುವುದಿಲ್ಲ.

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರಿದೆ. ವಕೀಲರಾಗಿದ್ದ ಅವರು 1897ರಲ್ಲಿ ಇಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದರು. ದಲಿತ ಮಕ್ಕಳಿಗೆ ಶಾಲೆ ತೆರೆದರು. ಓದಿದವನಿಗೆ ಕೆಲಸ ಬೇಡವೇ? ಕಸುಬು ಕಲಿಸಲು ಏರ್ಪಾಡು ಮಾಡಿದರು. ಕಾಲೂರಲು ನೆಲ ಬೇಡವೇ? ಮನೆ ನಿವೇಶನಗಳಿಗೆ ಓಡಾಡಿದರು. ಅದಕ್ಕಾಗಿ ಸ್ವಂತ ಜಾತಿಯವರ ಬಹಿಷ್ಕಾರವನ್ನೂ ಉಂಡರು. ಆಗ ದೇಶದಲ್ಲಿ ಸಮಾಜಕಾರ್ಯ ಕಲಿಸುವ ಕಾಲೇಜೇ ಇರಲಿಲ್ಲ. ಮುಂಬೈಯಲ್ಲಿ ಇಂದಿನ ‘ಟಿಸ್’ ಶುರುವಾದದ್ದು 1936ರಲ್ಲಿ, ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಶರ್ಟ್ ಅವರ ನೇತೃತ್ವದಲ್ಲಿ. ನಮ್ಮ ರೋಶನಿ ನಿಲಯ ಬಂದದ್ದು 1960ರಲ್ಲಿ. ಪಠ್ಯಪುಸ್ತಕದ ಬಹುಪಾಲು ಹೊರದೇಶದಿಂದ ಬಂತು. ಅಲ್ಲಿ ಒಬ್ಬ ವ್ಯಕ್ತಿಯನ್ನು ಎದುರು ಕೂರಿಸಿಕೊಂಡು ಅವನ ಕಷ್ಟ ಕೇಳುವುದಕ್ಕೆ ಮೊದಲ ಸ್ಥಾನ. ಅದೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಕೊರಗರ ಕಷ್ಟ ಒಬ್ಬೊಬ್ಬರ ಮನಸ್ಸಿನೊಳಗೆ ಹುಟ್ಟಿದ್ದಲ್ಲ. ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಕೌನ್ಸೆಲಿಂಗ್‌ನಿಂದ ಆಗುವ ಕೆಲಸವೇ ಅದು?

ಸಂಶೋಧನೆಯಲ್ಲೂ ಇದೇ ತೊಂದರೆ. ‘ನಿಮ್ಮ ತಿಂಗಳ ಆದಾಯ ಎಷ್ಟು?’ ಎಂಬುದು ಯಾವ ಸರ್ವೆಯಲ್ಲೂ ತಪ್ಪದ ಪ್ರಶ್ನೆ. ಮೀನುಗಾರಿಕೆಯವರ ಮನೆಯಲ್ಲಿ ಇದಕ್ಕೆ ಏನು ಉತ್ತರ ಸಿಕ್ಕೀತು? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಯಾರ ಹತ್ತಿರ ಸಾಲ, ಯಾವ ಚಿನ್ನ ಅಡವು ಎಂಬುದು ಗೂಗಲ್ ಫಾರಂನ ನಾಲ್ಕು ಆಯ್ಕೆಗಳಲ್ಲಿ ಇರುವುದಿಲ್ಲ. ಮೇಲಾಗಿ ಫಾರಂ ಇಂಗ್ಲಿಷಿನಲ್ಲಿ, ಮನೆಯ ಮಾತು ತುಳುವಿನಲ್ಲೋ ಬ್ಯಾರಿಯಲ್ಲೋ.

ಇದಕ್ಕೆ ವಿರುದ್ಧವಾದ ಉದಾಹರಣೆ ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿದೆ. ಕನ್ನಡ, ತುಳು ಮಾತಾಡುವ ಊರು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಿತು. ಏನೋ ಸರಿಯಿಲ್ಲ ಎಂದು ಮೊದಲು ಗುರುತಿಸಿದ್ದು ದೊಡ್ಡ ಸಂಸ್ಥೆಯಲ್ಲ. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಒಂದೇ ಬಗೆಯ ಕಾಯಿಲೆಗಳು ಮತ್ತೆ ಮತ್ತೆ ಕಾಣುವುದನ್ನು ಗಮನಿಸಿದರು. ಕೃಷಿಕ ಪತ್ರಕರ್ತ ಶ್ರೀ ಪಡ್ರೆ ಬರೆದರು. ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯಕ್ಕೆ ಹೋದರು. ಪ್ರಯೋಗಾಲಯದ ಪರೀಕ್ಷೆಗಳು ನಡೆದದ್ದು ಆಮೇಲೆ. 2011ರಲ್ಲಿ ಸುಪ್ರೀಂ ಕೋರ್ಟ್ ಈ ಕೀಟನಾಶಕವನ್ನು ದೇಶದಾದ್ಯಂತ ತಡೆಯಿತು. ನಮ್ಮ ಬೆಳ್ತಂಗಡಿಯ ಕೊಕ್ಕಡದ ಮನೆಗಳಲ್ಲಿ ಅದರ ಪೆಟ್ಟು ತಿಂದವರು ಇನ್ನೂ ಇದ್ದಾರೆ. ಅವರಿಗೆ ಬೇಕಾದ್ದು ಗಿಡ ನೆಡುವ ಕಾರ್ಯಕ್ರಮವಲ್ಲ, ದಿನವಿಡೀ ಮಗುವನ್ನು ನೋಡಿಕೊಳ್ಳುವ ತಾಯಿಗೆ ಒಂದೆರಡು ಗಂಟೆಯ ಬಿಡುವು.

ಬಿಇ ಓದುವವನಿಗೆ ಇದೆಲ್ಲ ಏಕೆ ಎನ್ನಬಹುದು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ನಾಳೆ ಆ ಕಂಪನಿಗಳಲ್ಲಿ ಕೂರುವವರು ನಾವೇ. ಶೌಚಾಲಯವೋ, ಆ್ಯಪೋ, ಆ ಊರಿಗೆ ಏನು ಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ಎಂಎಸ್‌ಡಬ್ಲ್ಯೂ ಓದಿದವರು ಒಬ್ಬರಿದ್ದರೆ ಅವರ ಮಾತಿಗೆ ಎಷ್ಟು ಬೆಲೆ ಕೊಡುತ್ತೇವೆ? ‘ಸಾಫ್ಟ್ ಸ್ಕಿಲ್’ ಎಂದು ನಕ್ಕುಬಿಡುವ ಅಭ್ಯಾಸ ನಮ್ಮ ಕ್ಯಾಂಟೀನುಗಳಲ್ಲೇ ಬೆಳೆಯುತ್ತದೆ.

ಹಾಗಾಗಿ ಒಂದು ಸಲಹೆ. ಆ ಒಂದು ಕ್ರೆಡಿಟ್ ಇರಲಿ, ಪಟ್ಟಿ ಮಾತ್ರ ಆಯಾ ಊರಿನದಾಗಲಿ. ಮಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳು ಇಲ್ಲಿನ ಸಮಾಜಕಾರ್ಯ ವಿಭಾಗಗಳ ಜೊತೆ ಸೇರಿ, ಅವರ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹೋಗುವ ಕಡೆಗೇ ನಮ್ಮನ್ನೂ ಕಳಿಸಲಿ. ಬರೆದ ರಿಪೋರ್ಟನ್ನು ಆ ಊರಿನವರ ಮಾತಿನಲ್ಲೇ ಅವರೆದುರು ಓದಿ ಹೇಳಿದ ಮೇಲೆಯೇ ಅಂಕ ಕೊಡಲಿ.