ನಾಲ್ಕು ಕದಲಿದ್ದು ಸಣ್ಣ ಮಾತಲ್ಲ

ರ‍್ಯಾಮ್ಸೆ ಸಂಖ್ಯೆಗಳ ಮಾತು ಬಂದಾಗಲೆಲ್ಲ ಕೇಳುವ ಮೊದಲ ಆಕ್ಷೇಪ ಇದು: "88 ವರ್ಷ ಹೆಣಗಿ 4ನ್ನು 3.99 ಮಾಡಿದರು, ಇದೂ ಒಂದು ಸಾಧನೆಯೇ?"

ಆ 4 ಎಲ್ಲಿ ಕೂತಿದೆ ಎಂಬುದನ್ನು ಮೊದಲು ನೋಡಬೇಕು. ಯಾವುದೇ 6 ಜನ ಸೇರಿದರೂ ಅವರಲ್ಲಿ ಪರಸ್ಪರ ಪರಿಚಿತರಾದ ಮೂವರೋ, ಪರಸ್ಪರ ಅಪರಿಚಿತರಾದ ಮೂವರೋ ಇದ್ದೇ ಇರುತ್ತಾರೆ. ಅಂಥ ಗುಂಪು ಖಚಿತವಾಗಿ ಸಿಗಲು ಬೇಕಾದ ಕನಿಷ್ಠ ಜನರ ಸಂಖ್ಯೆಯೇ ರ‍್ಯಾಮ್ಸೆ ಸಂಖ್ಯೆ. ಮೂವರ ಬದಲು ನೂರು ಜನರ ಅಂಥ ಗುಂಪು ಬೇಕೆಂದರೆ? ನೂರು 4ಗಳನ್ನು ಗುಣಿಸಿದಾಗ ಬರುವಷ್ಟು ಜನ ಸಾಕು ಎಂದು ಗಣಿತಜ್ಞರಾದ ಎರ್ಡಿಶ್ ಮತ್ತು ಸೆಕೆರೆಶ್ ಅವರ 1935ರ ವಾದ ಹೇಳುತ್ತದೆ. ಥಾಮಸನ್, ಕಾನ್ಲನ್, ಸಾಹ್ ಒಬ್ಬರಾದ ಮೇಲೊಬ್ಬರು ಈ ಮಿತಿಯನ್ನು ತಗ್ಗಿಸಿದರು, ಆದರೆ ಆಧಾರಸಂಖ್ಯೆ 4 ಹಾಗೇ ಉಳಿಯಿತು. ಅದನ್ನು ಕದಲಿಸಿದ್ದು 2023ರ ಮಾರ್ಚ್‌ನಲ್ಲಿ ಕಾಂಪೋಸ್, ಗ್ರಿಫಿತ್ಸ್, ಮಾರಿಸ್ ಮತ್ತು ಸಹಸ್ರಬುದ್ಧೆ. ಮರುವರ್ಷವೇ ಬೇರೊಂದು ತಂಡ ಅದನ್ನು 3.8ರವರೆಗೆ ಇಳಿಸಿತು. ನೂರು 4ಗಳ ಗುಣಲಬ್ಧ ನೂರು 3.8ಗಳದ್ದಕ್ಕಿಂತ ಸುಮಾರು 169 ಪಟ್ಟು ದೊಡ್ಡದು. ಗುಂಪು ಹಿಗ್ಗಿದಷ್ಟೂ ಈ ಅಂತರ ಬೆಳೆಯುತ್ತಲೇ ಹೋಗುತ್ತದೆ.

ನನ್ನನ್ನು ಸೆಳೆದದ್ದು ಅಂಕಿಗಿಂತ ಹೆಚ್ಚಾಗಿ 2023ರ ಆ ನಾಲ್ವರು ಹಿಡಿದ ದಾರಿ. ಹಳೆಯ ವಾದ ಒಬ್ಬೊಬ್ಬರನ್ನೇ ಆರಿಸಿ, ಅವರ ಪರಿಚಿತರು ಮತ್ತು ಅಪರಿಚಿತರಲ್ಲಿ ದೊಡ್ಡ ಪಾಲನ್ನು ಉಳಿಸಿಕೊಳ್ಳುತ್ತಾ ಸಾಗುತ್ತದೆ. ಹೊಸಬರು ಕಟ್ಟಿದ್ದು 'ಪುಸ್ತಕ'. ಒಬ್ಬರನ್ನೊಬ್ಬರು ಬಲ್ಲ ಕೆಲವರು ಅದರ ಬೆನ್ನು. ಆ ಕೆಲವರೆಲ್ಲರನ್ನೂ ಬಲ್ಲ ದೊಡ್ಡ ಗುಂಪು ಅದರ ಹಾಳೆಗಳು. ಸಾಕಷ್ಟು ದೊಡ್ಡ ಪುಸ್ತಕ ಸಿಕ್ಕೇ ಸಿಗುತ್ತದೆ ಎಂದು ತೋರಿಸುವುದೇ ಆ ಸಾಧನೆಯ ಹೃದಯ.

"ಕಂಪ್ಯೂಟರಿಗೆ ಕೊಟ್ಟರೆ ಮುಗಿಯಿತಲ್ಲ" ಎನ್ನುವವರಿಗೆ: ಐವರ ಗುಂಪಿಗೆ ಬೇಕಾದ ಸಂಖ್ಯೆಯೇ ಇನ್ನೂ ತಿಳಿದಿಲ್ಲ. ಅದು 43 ಮತ್ತು 46ರ ನಡುವೆ ಇದೆ. 48 ಇದ್ದ ಮೇಲ್ಮಿತಿ 46ಕ್ಕೆ ಇಳಿದದ್ದು ಕಂಪ್ಯೂಟರ್ ನೆರವಿನಿಂದಲೇ, ಒಪ್ಪುತ್ತೇನೆ. ಆದರೆ 43 ಜನರಲ್ಲಿ 903 ಜೋಡಿಗಳಿವೆ. ಪರಿಚಯ ಇರುವ, ಇಲ್ಲದಿರುವ ಎಲ್ಲ ಸಾಧ್ಯತೆಗಳನ್ನು ಎಣಿಸಿದರೆ 272 ಅಂಕಿಗಳ ಸಂಖ್ಯೆ ಬರುತ್ತದೆ. ಒಂದೊಂದನ್ನೇ ಪರೀಕ್ಷಿಸಿ ಮುಗಿಸುವ ಯಂತ್ರವಿಲ್ಲ.

ಇನ್ನು ಕೆಲವರು, ವಿನ್ಯಾಸ ಅನಿವಾರ್ಯ ಎಂದಮೇಲೆ ನಕ್ಷತ್ರಗಳಲ್ಲಿ ಕಾಣುವ ಆಕೃತಿಗಳಿಗೂ ಅರ್ಥವಿರಲೇಬೇಕು ಎನ್ನುತ್ತಾರೆ. ತೀರಾ ತದ್ವಿರುದ್ಧ. ಹೇಗೆ ಚೆಲ್ಲಿದರೂ ಮೂಡಿಯೇ ತೀರುವ ಆಕೃತಿ, ಯಾರೋ ಜೋಡಿಸಿಟ್ಟಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗದು.

"4ರ ಗೋಡೆ ಬಿತ್ತು, ಇನ್ನೇನು ಉಳಿದಿದೆ?" ಎಂದು ಕೇಳುವವರೂ ಇದ್ದಾರೆ. ಎಷ್ಟು ಜನ ಸಾಲರು ಎಂದು ಹೇಳುವ ಕೆಳಮಿತಿ ಉಳಿದಿದೆ. ನಾಣ್ಯ ಚಿಮ್ಮಿ ಪರಿಚಯಗಳನ್ನು ಹಂಚಿದಂತೆ ಎಣಿಸಿ ಎರ್ಡಿಶ್ 1947ರಲ್ಲಿ ಅದನ್ನು ಕೊಟ್ಟರು. ಅದರ ಆಧಾರಸಂಖ್ಯೆ 2ರ ವರ್ಗಮೂಲ, ಸುಮಾರು 1.41. ಅದು ಈವರೆಗೂ ಕದಲಿಲ್ಲ.