ದೊಡ್ಡಮ್ಮನ ಬೆನ್ನು ಯಾರು ನೋಡ್ತಾರೆ?

“ತಾಯಿ ಅಂದ್ರೆ ದೇವ್ರು ಕಣಮ್ಮ, ಅದೇನ್ ಸೇವೆ ಮಾಡ್ತಾವ್ಳೆ!” ನಮ್ಮ ದೊಡ್ಡಮ್ಮನ ಮನೆಯಿಂದ ಈಚೆ ಬಂದೋರೆಲ್ಲ ಚಪ್ಪಲಿ ಮೆಟ್ಕೊಂತಾ ಹೇಳೋ ಮಾತು ಇದು. ಕೇಳಿದಾಗೆಲ್ಲ ನಂಗೆ ಮೈ ಉರಿಯುತ್ತೆ. ದೇವ್ರು ಅಂದ್ಬಿಟ್ರೆ ಅವಳಿಗೆ ಸೊಂಟ ನೋವಿಲ್ಲ, ಮಂಡಿ ನೋವಿಲ್ಲ, ನಿದ್ದೆನೂ ಬೇಕಿಲ್ಲ ಅಂತಾಯ್ತಲ್ಲ. ನಾವು ಕೈ ಮುಗ್ದು ಮನೆಗೆ ಹೋಗ್ಬೋದು.

ಗೊತ್ತಿಲ್ದೋರಿಗೆ ಹೇಳ್ತೀನಿ. ದೊಡ್ಡಮ್ಮನ ಮಗ, ನಮ್ಮಣ್ಣ, ಮಿಲ್ಟ್ರಿಲಿದ್ದ. ಕಾಶ್ಮೀರದಲ್ಲಿ ಗುಂಡು ಬೆನ್ನುಹುರಿಗೆ ತಗುಲಿ, ಎದೆಯಿಂದ ಕೆಳಗೆ ಚಲನೆ ಇಲ್ಲ, ಮುಟ್ಟಿದ್ದೂ ಗೊತ್ತಾಗಲ್ಲ. ಆನೇಕಲ್‌ಗೆ ಕರ್ಕೊಂಡ್ ಬಂದ ದಿನ ಹಾರ ಏನು, ಪಟಾಕಿ ಏನು, ಬಸ್ ಸ್ಟ್ಯಾಂಡಲ್ಲಿ ಫ್ಲೆಕ್ಸು ಏನು. ಎರಡು ವಾರಕ್ಕೆ ಫ್ಲೆಕ್ಸು ಗಾಳಿಗೆ ಹರಿದೋಯ್ತು. ದೊಡ್ಡಪ್ಪ ಇರೋತನಕ ಕೈ ಜೋಡಿಸ್ತಿದ್ರು. ಈಗ ದೊಡ್ಡಮ್ಮ ಒಬ್ಳೇ, ವಯಸ್ಸು ಅರವತ್ತೆಂಟು.

ಎರಡು ಗಂಟೆಗೊಂದ್ಸಲ ಅವನ ಮಗ್ಗುಲು ಬದಲಾಯಿಸ್ಬೇಕು, ರಾತ್ರಿನೂ. ಇಲ್ಲಾಂದ್ರೆ ಬೆನ್ನು, ಸೊಂಟ, ಹಿಮ್ಮಡಿ ಎಲ್ಲ ಹುಣ್ಣು. ಅವನಿಗೆ ನೋವು ಗೊತ್ತಾಗಲ್ವಲ್ಲ, ಅದಕ್ಕೆ ಇವಳೇ ಟಾರ್ಚ್ ಹಾಕಿ ಎಲ್ಲಿ ಕೆಂಪಾಗೈತೆ ಅಂತ ಹುಡುಕ್ಬೇಕು. ದುಪ್ಪಟಿ ಮಡಿಕೆ ಒಂದು ಒತ್ತಿದ್ರೂ ಸಾಕು, ತಿಂಗಳುಗಟ್ಲೆ ವಾಸಿಯಾಗದ ಗಾಯ. ಮೂತ್ರದ ಚೀಲ ಖಾಲಿ ಮಾಡ್ಬೇಕು, ಪೈಪು ಮಡಚ್ಕೊಂಡೈತಾ ನೋಡ್ಬೇಕು. ಇದ್ದಕ್ಕಿದ್ದಂಗೆ ತಲೆ ಸಿಡಿದು ಮುಖ ಎಲ್ಲ ಬೆವೆತ್ರೆ ಬಿಪಿ ಏರೈತೆ ಅಂತ. ಎತ್ತಿ ಕೂರಿಸಿ, ಬಟ್ಟೆ ಸಡ್ಲ ಮಾಡಿ, ಮೊದ್ಲು ಪೈಪು ನೋಡು, ಕಮ್ಮಿಯಾಗ್ಲಿಲ್ಲಾಂದ್ರೆ ತಡ ಮಾಡ್ದೆ ಆಸ್ಪತ್ರೆಗೆ ಓಡು ಅಂತ ಮಿಲ್ಟ್ರಿ ಆಸ್ಪತ್ರೆಲಿ ಕಲ್ಸಿದ್ರಂತೆ. ಮೂರನೇ ಕ್ಲಾಸ್ ಓದಿರೋ ಹೆಂಗಸು, ನರ್ಸಮ್ಮನಂಗೆ ಹೇಳ್ತಾಳೆ. ಇನ್ನು ಬೆಳಿಗ್ಗೆ ಹೊಟ್ಟೆ ಖಾಲಿ ಮಾಡ್ಸೋ ಕೆಲ್ಸ. ಬಾಯಲ್ಲಿ ಹೇಳೋಕೇ ನಾವು ನಾಚ್ಕೊಂತೀವಿ, ಅವಳು ಕೈಯಲ್ಲಿ ಮಾಡ್ತಾಳೆ. ಆ ಹೊತ್ತಲ್ಲಿ ಅಣ್ಣ ಗೋಡೆ ಕಡೆ ಮುಖ ತಿರುಗಿಸ್ಕೊಂತಾನೆ. ನಲವತ್ತು ದಾಟಿದ ಗಂಡಸು.

ನೋಡೋಕ್ ಬಂದೋರು ಅವನಿಗೆ ಧೈರ್ಯ ಹೇಳೋದು ಬೇರೆ. “ಮುರಳೀಕಾಂತ್ ಪೇಟ್ಕರ್ ಇಲ್ವಾ, ಸಿನಿಮಾನೇ ಬಂತಲ್ಲ!” ನಿಜ, 1965ರ ಯುದ್ಧದಲ್ಲಿ ಗುಂಡೇಟು ತಿಂದ ಆ ಸೈನಿಕ 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸಲ್ಲಿ ಈಜಿ ಚಿನ್ನ ಗೆದ್ರು. ದೊಡ್ಡ ಮನುಷ್ಯ. ಅದಕ್ಕೆ, ಗಾಯ ಆದೋರೆಲ್ಲ ಪದಕ ತಂದೇ ಮರ್ಯಾದೆ ಉಳಿಸ್ಕೊಬೇಕಾ? ಇವತ್ತು ಹುಣ್ಣಾಗ್ದೆ ಹಗಲು ಕಳೆದ್ರೆ ಅದೇ ಗೆಲುವು ಆ ಮನೇಲಿ.

“ಸರ್ಕಾರ ಕೊಡುತ್ತಲ್ಲ” ಅನ್ನೋರೂ ಅವ್ರೆ. ಕೊಡುತ್ತೆ, ಇಲ್ಲ ಅನ್ನಲ್ಲ. ಪೆನ್ಷನ್ ಐತೆ. ನೂರಕ್ಕೆ ನೂರು ಅಂಗವಿಕಲತೆ ಇದ್ದು, ಜೊತೆಗೆ ಆಳು ಬೇಕು ಅಂತ ಮೆಡಿಕಲ್ ಬೋರ್ಡ್ ಬರ್ದ್ರೆ ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೋಯನ್ಸ್ ಅಂತ ಬರುತ್ತೆ. 2017ರ ಜುಲೈನಿಂದ ತಿಂಗಳಿಗೆ 6,750 ರೂಪಾಯಿ ಮಾಡಿದ್ರು. ಹಗಲು ರಾತ್ರಿ ಇರೋ ಆಳು ನಮ್ಮ ಎಲೆಕ್ಟ್ರಾನಿಕ್ ಸಿಟಿ ಸುತ್ತ ಆ ದುಡ್ಡಿಗೆ ಸಿಕ್ತಾರಾ, ನೀವೇ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲೂ ನೋಡ್ಕೊಳ್ಳೋರ ಭತ್ಯೆ ಅಂತ ಬರ್ದವ್ರೆ. ನಮ್ಮ ರಾಜ್ಯದ 2024ರ ಬಜೆಟ್ಟಲ್ಲಿ ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್ ಥರದ ಕಾಯಿಲೆಯೋರನ್ನ ನೋಡ್ಕೊಳ್ಳೋರಿಗೆ ತಿಂಗಳಿಗೆ 1,000 ಅಂದ್ರು. ಸಾವಿರ ಸಣ್ಣದೇ, ಆದ್ರೂ ನೋಡ್ಕೊಳ್ಳೋರು ಅಂತ ಒಬ್ರು ಅವ್ರೆ ಅನ್ನೋದನ್ನ ಯಾರೋ ಬಾಯ್ಬಿಟ್ಟು ಹೇಳಿದ್ರಲ್ಲ.

ದುಡ್ಡಿಗಿಂತ ಅವಳಿಗೆ ಇಲ್ದೇ ಇರೋದು ಹೊತ್ತು ಕಣ್ರೇ. ಮಾಜಿ ಸೈನಿಕರ ಇಸಿಎಚ್‌ಎಸ್ ಯೋಜನೆಲಿ ಮಗನ ಮೇಲೆ ಅವಲಂಬಿಸಿರೋ ತಾಯಿನೂ ಸೇರಿಸ್ಬೋದು, ಅವಳ ಕಾರ್ಡೂ ಐತೆ. ಟ್ರಂಕಲ್ಲಿ ಐತೆ. ಮಂಡಿ ತೋರಿಸೋಕೆ ಹೋದ್ರೆ ಅರ್ಧ ದಿನ ಬೇಕು, ಅಷ್ಟು ಹೊತ್ತು ಅಣ್ಣನ ಹತ್ರ ಯಾರಿರ್ತಾರೆ? ಬೆಳಿಗ್ಗೆ ಜಿಗಣಿ, ಬೊಮ್ಮಸಂದ್ರದ ಕಂಪ್ನಿ ಬಸ್ಸುಗಳು ಹೋದ್ಮೇಲೆ ನಮ್ಮ ಬೀದೀಲಿ ನಾಯಿ ಬಿಟ್ರೆ ಯಾರಿಲ್ಲ. ಮೆಡಿಕಲ್ ಸ್ಟೋರಲ್ಲಿ ನೋವಿನ ಮಾತ್ರೆ ತಂದು ನುಂಗ್ತಾಳೆ.

ಪುಣೆ ಹತ್ರ ಖಡ್ಕಿಯಲ್ಲಿ ಇಂಥ ಸೈನಿಕರಿಗೆ ಅಂತಲೇ 1974ರಿಂದ ಪುನರ್ವಸತಿ ಕೇಂದ್ರ ಐತೆ, ಮೊಹಾಲಿಲೂ ಒಂದೈತೆ. ಹೆಸರೆತ್ತಿದ್ರೆ “ಮಗನ್ನ ಆಶ್ರಮಕ್ಕೆ ಹಾಕ್ತೀಯಾ” ಅಂತ ನಮ್ಮ ನೆಂಟ್ರೇ ಬಾಯಿ ಮುಚ್ಚಿಸಿದ್ರು. ತಪ್ಪು. ಅವಳ ನಂತ್ರ ಯಾರು ಅನ್ನೋ ಪ್ರಶ್ನೆ ಅಣ್ಣನ ತಲೇಲೂ ಐತೆ, ಅವಳ ತಲೇಲೂ ಐತೆ, ಇಬ್ರೂ ಒಬ್ರಿಗೊಬ್ರು ಹೇಳ್ಕೊಳ್ಳಲ್ಲ. ಹೋಗಿ ನೋಡ್ಕೊಂಡ್ ಬರೋದ್ರಲ್ಲಿ ಏನ್ ಕಳ್ಕೊಂತೀವಿ? ಬೇಡ ಅನ್ಸಿದ್ರೆ ಅವ್ರಿಬ್ರೇ ಬೇಡ ಅನ್ಲಿ, ನಾವ್ಯಾರು?

ಅಲ್ಲೀತನಕ ಸರದಿ ಹಾಕ್ಕೊಳ್ಳೋಣ. ಇದೇನು ಹೆಂಗಸ್ರ ಕೆಲ್ಸ ಅಂತ ನಾವೇ ತಲೆ ಮೇಲೆ ಹಾಕ್ಕೊಳ್ಳೋದು ಬೇಡ, ಮನೇಲಿರೋ ಗಂಡು ಹುಡುಗ್ರನ್ನ ಕಳ್ಸಿ. ಎತ್ತಿ ಕೂರ್ಸೋಕೆ, ಸ್ನಾನ ಮಾಡ್ಸೋಕೆ ಗಂಡು ಹುಡುಗ ಬಂದ್ರೆ ಅಣ್ಣಂಗೂ ಅಷ್ಟು ಸಂಕೋಚ ಇರಲ್ಲ. ಮಗ್ಗುಲು ಹೆಂಗೆ ಬದಲಾಯಿಸೋದು ಅಂತ ದೊಡ್ಡಮ್ಮನೇ ಕಲಿಸ್ಕೊಡ್ತಾಳೆ.

ಬುಧವಾರ ಮಧ್ಯಾಹ್ನ ನಾನಿರ್ತೀನಿ. ಶುಕ್ರವಾರ, ಭಾನುವಾರ ಯಾರು ಬರ್ತೀರಾ ಫೋನ್ ಮಾಡಿ ಹೇಳಿ. ಬರೋವಾಗ ಹಾರ್ಲಿಕ್ಸ್ ತರ್ಬೇಡಿ, ಆಗ್ಲೇ ಆರು ಬಾಟ್ಲಿ ಐತೆ.